ಹಳೆಯ ಆಂಪ್ಲಿಫೈಯರ್‌ನಲ್ಲಿ ಲಕ್ಷಗಟ್ಟಲೆ ಬೆಲೆಯ ‘ಕೆಂಪು ಪಾದರಸ’ ಇದೆಯೇ? ಮಾರುವ ಮುನ್ನ ಇದನ್ನು ಓದಿ

ಹಳೆಯ ರೇಡಿಯೋ, ಟಿವಿ, ಆಂಪ್ಲಿಫೈಯರ್‌ಗಳ ಒಳಗೆ ‘ಕೆಂಪು ಪಾದರಸ’ ಇರುತ್ತದೆ, ಅದಕ್ಕೆ ಲಕ್ಷಾಂತರ ರೂಪಾಯಿ ಸಿಗುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹೊಸಪೇಟೆಯಲ್ಲಿರುವ ನಮ್ಮ ಸೋದರಮಾವನಿಗೂ ಬಂದಿತ್ತು.

ಮಾವನ ಬಳಿ 1980ರ ದಶಕದ ಸ್ಟೀರಿಯೋ ಪವರ್ ಆಂಪ್ಲಿಫೈಯರ್ ಒಂದಿತ್ತು. ಮಗಳ ಕಾಲೇಜು ಫೀಸಿಗೆ ನೆರವಾಗಲೆಂದು ಸರ್ವೀಸ್ ಮಾಡಿಸಿ ಮಾರಾಟಕ್ಕಿಟ್ಟಿದ್ದರು. ಸಂಡೂರಿನವರೊಬ್ಬರು ನ್ಯಾಯವಾದ ಬೆಲೆಯನ್ನೇ ಕೇಳಿದ್ದರು. ಅಷ್ಟರಲ್ಲಿ ಈ ಸಂದೇಶ ಬಂತು. ಲಕ್ಷದ ಆಸೆಗೆ ಮಾವ ಅವರನ್ನು ವಾಪಸ್ ಕಳಿಸಿಬಿಟ್ಟರು.

ಕೆಂಪು ಪಾದರಸ ನಿಜವೇ?

ಇಲ್ಲ. ಸಂದೇಶಗಳಲ್ಲಿ ಹೇಳುವಂಥ ‘ಕೆಂಪು ಪಾದರಸ’ ಎಂಬ ಪವಾಡದ ವಸ್ತು ವಿಜ್ಞಾನಕ್ಕೆ ಗೊತ್ತೇ ಇಲ್ಲ. ಶೀತಲ ಸಮರದ ಕಾಲದಿಂದ ಹಬ್ಬಿಕೊಂಡು ಬಂದ ವದಂತಿ ಇದು. ಒಮ್ಮೆ ಅಣುಬಾಂಬಿಗೆ ಬೇಕು ಎಂದರು, ಇನ್ನೊಮ್ಮೆ ನಿಧಿ ತೋರಿಸುತ್ತದೆ ಎಂದರು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಲ್ಲಿ ಇದು ಇದೆ ಎಂಬ ಸುದ್ದಿ ಹಬ್ಬಿ, ಯಂತ್ರಗಳ ಬೆಲೆ ಗಗನಕ್ಕೇರಿತ್ತು. ಯಾವ ಯಂತ್ರದಲ್ಲೂ ಅಂಥದ್ದೇನೂ ಇರಲಿಲ್ಲ.

ಕೆಂಪು ಬಣ್ಣದ ಪಾದರಸದ ಸಂಯುಕ್ತಗಳು ಇವೆ, ಸುಳ್ಳಲ್ಲ. ಇಂಗಳೀಕ ಎಂದು ಕರೆಯುವ ಮರ್ಕ್ಯುರಿ ಸಲ್ಫೈಡ್ ಅಂಥದ್ದೊಂದು. ಆದರೆ ಅದು ಆಂಪ್ಲಿಫೈಯರ್‌ನ ಬಿಡಿಭಾಗವಲ್ಲ. ಹಳೆಯ ವಾಲ್ವ್‌ಗಳ ಗಾಜಿನೊಳಗೆ ಕನ್ನಡಿಯಂತೆ ಹೊಳೆಯುವ ಲೇಪ ಕಾಣುತ್ತದಲ್ಲ, ಅದು ಸಾಮಾನ್ಯವಾಗಿ ಬೇರಿಯಂ. ಒಳಗೆ ಉಳಿದ ಅನಿಲವನ್ನು ಹೀರಿಕೊಂಡು ನಿರ್ವಾತ ಕಾಪಾಡುವುದು ಅದರ ಕೆಲಸ.

ಬಿಚ್ಚಿ ಹುಡುಕಿದರೆ ಜೀವಕ್ಕೇ ಅಪಾಯ

ಈ ಸಂದೇಶದ ನಿಜವಾದ ಅಪಾಯ ಇಲ್ಲಿದೆ. ‘ಪ್ಲಗ್ ತೆಗೆದಿದ್ದೇನೆ, ಇನ್ನೇನು ಭಯ’ ಎಂದು ಮುಚ್ಚಳ ಬಿಚ್ಚಬೇಡಿ. ಆಂಪ್ಲಿಫೈಯರ್‌ನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಇದು ಕಿಡಿ ಹಾರಿಸಿ ಸುಡಬಲ್ಲದು. ವಾಲ್ವ್ ಆಂಪ್ಲಿಫೈಯರ್‌ನಲ್ಲಿ 300–400 ವೋಲ್ಟ್ ಇರುವುದು ಸಾಮಾನ್ಯ. ಅದು ಜೀವವನ್ನೇ ತೆಗೆಯಬಹುದು.

ಹಾಗಾದರೆ ಬೆಲೆ ಬರುವುದು ಯಾವುದರಿಂದ?

ಕಂಪನಿ, ಮಾಡೆಲ್, ಸದ್ಯದ ಸ್ಥಿತಿ, ಸರ್ವೀಸ್ ಎಷ್ಟು ಚೆನ್ನಾಗಿ ಆಗಿದೆ ಎಂಬುದರಿಂದ. ನಮ್ಮ ಕಡೆ ಸರ್ವೀಸ್ ಯಾಕೆ ಮುಖ್ಯ ಗೊತ್ತೇ? ಹೊಸಪೇಟೆ–ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು ಒಳಗೆ ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ. ಬೇಸಿಗೆಯ ಸೆಕೆ ಬೇರೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಎಂಜಿನಿಯರ್‌ಗಳ ರೂಢಿಯ ಲೆಕ್ಕ. ಅದರೊಳಗಿನ ದ್ರವ ಒಣಗಿದಾಗ ಸ್ಪೀಕರ್‌ನಲ್ಲಿ ‘ಹಮ್ಮ್’ ಎಂಬ ಸದ್ದು ಶುರುವಾಗುತ್ತದೆ.

ಬರೀ ಧೂಳು ಒರೆಸಿದರೆ ಸರ್ವೀಸ್ ಆಗುವುದಿಲ್ಲ. ಮೆಕ್ಯಾನಿಕ್ ಬಳಿ ಇಷ್ಟನ್ನು ಕೇಳಿ:

• ಯಾವ ಕೆಪಾಸಿಟರ್ ಬದಲಾಯಿಸಿದ್ದಾರೆ? ಬಿಲ್ ಮತ್ತು ತೆಗೆದ ಹಳೆಯ ಭಾಗಗಳನ್ನು ಇಟ್ಟುಕೊಳ್ಳಿ. ಕೊಳ್ಳುವವರಿಗೆ ಅದೇ ಸಾಕ್ಷಿ.
• ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಅಳೆದಿದ್ದಾರೆಯೇ? ಕೆಲವು ಹತ್ತು ಮಿಲಿವೋಲ್ಟ್ ಪರವಾಗಿಲ್ಲ. ಹಲವು ವೋಲ್ಟ್ ಇದ್ದರೆ ಸ್ಪೀಕರ್ ಸುಟ್ಟುಹೋಗಬಹುದು.
• ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಹೋಗಿದೆಯೇ?
• ವಿದೇಶದಿಂದ ತಂದ ಸೆಟ್ಟಾದರೆ ಹಿಂದಿನ ವೋಲ್ಟೇಜ್ ಸ್ವಿಚ್ ಎಲ್ಲಿದೆ? 110ರಲ್ಲಿಟ್ಟು ನಮ್ಮ 230 ವೋಲ್ಟ್‌ಗೆ ಹಾಕಿದರೆ ಸುಟ್ಟೇ ಹೋಗುತ್ತದೆ.

‘5000 ವ್ಯಾಟ್’ ಎಂದು ಬರೆಯಬೇಡಿ

ಮಾರುವವರು ಮಾಡುವ ಇನ್ನೊಂದು ತಪ್ಪು ಇದು. ಪಿಎಂಪಿಒ ಎಂಬ ವ್ಯಾಟ್ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಇಂಥ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ತಂದಿತ್ತು. ನೋಡಬೇಕಾದದ್ದು ಆರ್‌ಎಂಎಸ್ ಎಂದು ಕರೆಯುವ ನಿರಂತರ ಶಕ್ತಿ.

ಸುಲಭದ ಪರೀಕ್ಷೆಯೊಂದಿದೆ. ಹಿಂದಿರುವ ಫ್ಯೂಸಿನ ಬಳಿ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ, ಅದನ್ನು 230ರಿಂದ ಗುಣಿಸಿ. 1 ಆಂಪಿಯರ್ ಇದ್ದರೆ ಆ ಸೆಟ್ಟು ಗೋಡೆಯಿಂದ ನಿರಂತರವಾಗಿ ಎಳೆಯಬಲ್ಲದ್ದೇ ಹೆಚ್ಚೆಂದರೆ ಸುಮಾರು 230 ವ್ಯಾಟ್. ಅದರಲ್ಲೂ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಒಳಗೆ ಹೋಗದ 5000 ವ್ಯಾಟ್ ಹೊರಗೆ ಹೇಗೆ ಬಂದೀತು?

ದುಡ್ಡು ಬರಬೇಕಾದರೆ ಪಿನ್ ಬೇಕಿಲ್ಲ

ಮಾವನಿಗೆ ಕೊನೆಗೂ ‘ಲಕ್ಷದ ಗಿರಾಕಿ’ಯ ಫೋನ್ ಬಂತು. ಸೆಟ್ಟನ್ನು ನೋಡಲಿಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ಅಡ್ವಾನ್ಸ್ ಕಳಿಸುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಲು ಹೇಳಿದ. ಮಾವ ಅನುಮಾನದಿಂದ ನನಗೆ ಫೋನ್ ಮಾಡಿದ್ದರಿಂದ ಫೀಸಿನ ದುಡ್ಡು ಉಳಿಯಿತು.

ನೆನಪಿಡಿ: ಯುಪಿಐನಲ್ಲಿ ಪಿನ್ ಹಾಕುವುದು ದುಡ್ಡು ಕೊಡಲು. ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಮೋಸ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ; ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಸಂಡೂರಿನವರಿಗೆ ಮಾವ ಮತ್ತೆ ಫೋನ್ ಮಾಡಿದಾಗ ಅವರು ಆಗಲೇ ಬೇರೆ ಸೆಟ್ಟು ಕೊಂಡಿದ್ದರು. ಕೊನೆಗೆ ಕಂಪ್ಲಿಯಿಂದ ಬಂದ ಒಬ್ಬರು ಮುಕ್ಕಾಲು ಗಂಟೆ ಹಾಡು ಕೇಳಿ, ಬಿಲ್ ನೋಡಿ, ಸ್ವಲ್ಪ ಕಡಿಮೆ ಬೆಲೆಗೆ ಒಯ್ದರು. ಆ ಫಾರ್ವರ್ಡ್‌ನಿಂದ ಮಾವನಿಗಾದ ನಷ್ಟ ಅಷ್ಟಕ್ಕೇ ನಿಂತಿತು.

ಒಟ್ಟಿನಲ್ಲಿ, ಹಳೆಯ ಆಂಪ್ಲಿಫೈಯರ್‌ನಲ್ಲಿ ಕೆಂಪು ಪಾದರಸ ಇದೆ ಎನ್ನುವುದು ಸುಳ್ಳು. ನಿಮ್ಮ ಗುಂಪಿನಲ್ಲಿ ಆ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.