ಹಳೆಯ ಲಾರಿಯ ಮುಂಜಾನೆ ಮುಷ್ಕರ

ಊರಿಗೊಂದು ಹಳೆಯ ಲಾರಿ ಇದ್ದೇ ಇರುತ್ತದೆ. ಇಟ್ಟಿಗೆ, ತೆಂಗಿನಕಾಯಿ, ಟೊಮೆಟೊ ಎನ್ನದೆ ಹಗಲೆಲ್ಲ ಹೊತ್ತು ತಿರುಗುವ ಈ ಲಾರಿ ಮಾಗಿಯ ಮುಂಜಾನೆ ಮಾತ್ರ ಹಟ ಹಿಡಿಯುತ್ತದೆ. ಕೀಲಿ ತಿರುಗಿಸಿದರೆ ‘ಗುರ್... ಗುರ್...’ ಎಂದು ನರಳಿ ಸುಮ್ಮನಾಗುತ್ತದೆ. ಆಗ ನೆರೆದವರೆಲ್ಲ ಒಂದೊಂದು ಔಷಧ ಹೇಳುತ್ತಾರೆ. ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎಂದು ಒಬ್ಬರು. ‘ಸೆಲ್ಫ್ ಬಿಚ್ಚಿಸಿ’ ಎಂದು ಇನ್ನೊಬ್ಬರು. ‘ಡೀಸೆಲ್ಲೇ ಬರ್ತಾ ಇಲ್ಲ’ ಎಂದು ಮತ್ತೊಬ್ಬರು. ಕಡೆಗೆ ಹತ್ತು ಜನ ಸೇರಿ ತಳ್ಳುತ್ತಾರೆ.

ಒಂದೇ ಲಾರಿಯನ್ನು ನಂಬಿ ಸಂಸಾರ ನಡೆಸುವವರಿಗೆ ಇದು ತಮಾಷೆಯ ಮಾತಲ್ಲ. ಹರಾಜಿಗೆ ಮುಂಚೆ ಮಂಡಿ ಸೇರಬೇಕಾದ ತರಕಾರಿ ಎರಡು ತಾಸು ತಡವಾದರೆ ಬಾಡಿಗೆಯೂ ಹೋಯಿತು, ಗಿರಾಕಿಯೂ ಹೋದ. ಊಹೆಯ ಮೇಲೆ ಸಾಲ ಮಾಡಿ ಹೊಸ ಬ್ಯಾಟರಿ ತಂದು ಹಾಕಿದ ಮೇಲೂ ಅದೇ ನರಳಾಟ ಕೇಳಿಬಂದರೆ? ಈ ದಂಡವನ್ನು ತಪ್ಪಿಸುವ ಸೂತ್ರ ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಅದನ್ನು 1827ರಲ್ಲಿ ಪ್ರಕಟಿಸಿದವರು ಜರ್ಮನಿಯ ಜಾರ್ಜ್ ಸೈಮನ್ ಓಮ್. ಅವರೂ ಕಲೋನ್ ನಗರದ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದವರೇ.

ತಿರುಗುತ್ತಿಲ್ಲವೋ, ಹೊತ್ತಿಕೊಳ್ಳುತ್ತಿಲ್ಲವೋ?

‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಸೆಲ್ಫ್ ಮೋಟಾರು ಇಂಜಿನ್ನನ್ನು ತಿರುಗಿಸುತ್ತಲೇ ಇಲ್ಲ, ಅಥವಾ ನಿಧಾನವಾಗಿ ತಿರುಗಿಸುತ್ತಿದೆ ಎಂಬುದು ಒಂದು. ಇಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೂ ಹೊತ್ತಿಕೊಳ್ಳುತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ವಿದ್ಯುತ್ತಿನ ದೋಷ, ಎರಡನೆಯದು ಹೆಚ್ಚಾಗಿ ಇಂಧನದ ದೋಷ. ಇವನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು, ಹದಿನೇಳನೇ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಹೆಚ್ಚು ಕಾಯಬಲ್ಲದು. ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಉರಿಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಇದೂ ಅದೇ ತತ್ವ. ಈಗ ಪಂಪನ್ನು ತೀರಾ ನಿಧಾನವಾಗಿ ಒತ್ತಿ ನೋಡಿ, ಬಿಸಿಯೇ ತಿಳಿಯುವುದಿಲ್ಲ. ಲಾರಿಯಲ್ಲೂ ಹಾಗೆಯೇ. ಇಂಜಿನ್ ನಿಧಾನವಾಗಿ ತಿರುಗಿದರೆ ಶಾಖ ಲೋಹದ ಗೋಡೆಗೆ ಇಳಿದುಹೋಗುತ್ತದೆ, ಒಂದಿಷ್ಟು ಗಾಳಿ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿಹೋಗುತ್ತದೆ. ಆದ್ದರಿಂದ ನಿಮಿಷಕ್ಕೆ ನೂರು, ಇನ್ನೂರು ಸುತ್ತಾದರೂ ತಿರುಗದಿದ್ದರೆ ಡೀಸೆಲ್ ಪಂಪು ಸರಿಯಿದ್ದರೂ ಇಂಜಿನ್ ಹೊತ್ತಿಕೊಳ್ಳದು. ಅಂದರೆ ಇಂಧನದ ದೋಷದಂತೆ ಕಾಣುವುದು ಎಷ್ಟೋ ಸಲ ವಿದ್ಯುತ್ತಿನ ದೋಷವೇ ಆಗಿರುತ್ತದೆ.

ಲೈಟ್ ಉರಿದರೆ ಬ್ಯಾಟರಿ ಸರಿಯೇ?

‘ಹೆಡ್‌ಲೈಟ್ ಪ್ರಖರವಾಗಿ ಉರಿಯುತ್ತಿದೆ, ಹಾಗಾಗಿ ಬ್ಯಾಟರಿ, ವೈರು ಎಲ್ಲ ಸರಿಯಿದೆ’ ಎಂಬ ವಾದ ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ಲೆಕ್ಕದ ಒರೆಗೆ ಹಚ್ಚೋಣ.

ಅನೇಕ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಬ್ಯಾಟರಿಯ ಒಂದು ಟರ್ಮಿನಲ್ಲಿಗೆ ಬೂಷ್ಟು ಹಿಡಿದಂತೆ ಬಿಳಿ ಪುಡಿ ಕಟ್ಟಿ, ಆ ಜೋಡಣೆಯಲ್ಲಿ 0.01 ಓಮ್ ರೋಧ ಹುಟ್ಟಿದೆ ಎಂದಿಟ್ಟುಕೊಳ್ಳಿ. ಎರಡು ಹೆಡ್‌ಲೈಟುಗಳಿಗೆ ಸುಮಾರು 6 ಆಂಪಿಯರ್ ಸಾಕು. ಆಗ ಆ ಜೋಡಣೆಯಲ್ಲಿ ನಷ್ಟವಾಗುವುದು 6 × 0.01, ಅಂದರೆ 0.06 ವೋಲ್ಟ್ ಮಾತ್ರ. ದೀಪಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಆದರೆ ಸೆಲ್ಫ್ ಮೋಟಾರು 300 ಆಂಪಿಯರ್ ಎಳೆದರೆ? 300 × 0.01, ಅಂದರೆ 3 ವೋಲ್ಟ್ ಅಲ್ಲೇ ಮಾಯ! ಜೊತೆಗೆ ಆ ಪುಟ್ಟ ಜಾಗದಲ್ಲಿ 900 ವಾಟ್ ಶಾಖ ಹುಟ್ಟುತ್ತದೆ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ ಎಳೆಯುವುದು. ಇಂಜಿನ್ ತಿರುಗಿಸಬೇಕಾದ ಶಕ್ತಿ ಟರ್ಮಿನಲ್ಲನ್ನು ಕಾಯಿಸುವುದರಲ್ಲಿ ವ್ಯಯವಾಯಿತು. ಅದೇ ರೋಧ ದೀಪಕ್ಕೆ ಏನೂ ಅಲ್ಲ, ಸೆಲ್ಫಿಗೆ ಪ್ರಾಣಸಂಕಟ.

ಹೀಗಿರುವಾಗ ಬ್ಯಾಟರಿ ಬದಲಿಸಿದರೆ ಏನಾದೀತು? ಹೊಸ ಬ್ಯಾಟರಿ ಹಾಕುವಾಗ ಟರ್ಮಿನಲ್ ಉಜ್ಜಿದ್ದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಕೀರ್ತಿ ಬ್ಯಾಟರಿಗೆ ಸಲ್ಲುತ್ತದೆ. ದೋಷ ಕೇಬಲ್ಲಿನ ಇನ್ನೊಂದು ತುದಿಯಲ್ಲಿದ್ದರೆ ದುಡ್ಡೂ ಹೋಯಿತು, ಕಾಯಿಲೆಯೂ ಉಳಿಯಿತು.

ಮೀಟರ್ ಹಿಡಿದು ಹುಡುಕೋಣ

ರೇಡಿಯೋ ರಿಪೇರಿಯವರ ಬಳಿ ಇರುವಂಥ ಸಾಧಾರಣ ಮಲ್ಟಿಮೀಟರ್ ಸಾಕು. ಮೊದಲು ಲಾರಿ ರಾತ್ರಿಯಿಡೀ ನಿಂತ ಮೇಲೆ ಒಂದೊಂದು ಬ್ಯಾಟರಿಯನ್ನೂ ಪ್ರತ್ಯೇಕವಾಗಿ ಅಳೆಯಿರಿ. ಒಂದು ಬ್ಯಾಟರಿಯಲ್ಲಿ ಆರು ಕೋಶಗಳು, ಕೋಶಕ್ಕೆ ಸುಮಾರು 2.1 ವೋಲ್ಟ್. ಹಾಗಾಗಿ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ ಎಂದು ತಿಳಿಯಿರಿ. ಎರಡರಲ್ಲಿ ಒಂದು ಸೊರಗಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಸುವುದನ್ನು ಹಳ್ಳಿಯ ಮಕ್ಕಳೆಲ್ಲ ನೋಡಿದ್ದಾರೆ. ಇದು ಅದರ ಅಣ್ಣ. ತುಂಬಿದ ಕೋಶದ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.26ರಿಂದ 1.28. ಐದು ಕೋಶಗಳು 1.26 ತೋರಿಸಿ ಒಂದು ಮಾತ್ರ 1.15ಕ್ಕೆ ಇಳಿದಿದ್ದರೆ ಆ ಕೋಶವೇ ಇಡೀ ಬ್ಯಾಟರಿಯನ್ನು ಕೆಳಗೆಳೆಯುತ್ತಿದೆ.

ಬಳಿಕ ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ಲನ್ನು ಎಳೆದು ಹಿಡಿದು, ಅನುಭವಿ ಚಾಲಕರೊಬ್ಬರು ಕೆಲವೇ ಸೆಕೆಂಡು ಸೆಲ್ಫ್ ಹೊಡೆಯಲಿ. ಡೀಸೆಲ್ ಹೋಗದ ಕಾರಣ ಇಂಜಿನ್ ಬರೀ ತಿರುಗುತ್ತದೆ. ಆ ಹೊತ್ತಿನಲ್ಲಿ ಮೂರು ಅಳತೆ ತೆಗೆದುಕೊಳ್ಳಬೇಕು.

ಒಂದು, ಬ್ಯಾಟರಿಯ ಎರಡು ಕಂಬಗಳ ನಡುವೆ. 12 ವೋಲ್ಟಿನ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ, ಇಲ್ಲವೇ ಸೆಲ್ಫ್ ಮೋಟಾರು ಮಿತಿಮೀರಿ ಎಳೆಯುತ್ತಿದೆ.

ಎರಡು, ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಟರ್ಮಿನಲ್ಲಿಗೆ. ಒಂದೇ ತಂತಿಯ ಎರಡು ತುದಿಗಳ ನಡುವೆ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಆ ದಾರಿಯಲ್ಲಿ ಕಳ್ಳನಿದ್ದಾನೆ.

ಮೂರು, ಬ್ಯಾಟರಿಯ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ. ಇಲ್ಲೂ ಅದೇ ಮಿತಿ. ಹಳೆಯ ಲಾರಿಗಳಲ್ಲಿ ಇಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿ ತುಕ್ಕು, ಎಣ್ಣೆ, ಕೆಸರಿನಲ್ಲಿ ಮುಚ್ಚಿಹೋಗಿರುತ್ತದೆ. ಹೋದ ವಿದ್ಯುತ್ತು ಮರಳಿ ಬರಲೂ ದಾರಿ ಬೇಕೆಂಬುದನ್ನು ಜನ ಮರೆಯುತ್ತಾರೆ.

ಮೂರೂ ಸರಿಯಿದ್ದು ಇಂಜಿನ್ ಆಗಲೂ ನಿಧಾನವಾಗಿದ್ದರೆ ಸೆಲ್ಫನ್ನು ಬಿಚ್ಚಬಹುದು. ಸವೆದ ಕಾರ್ಬನ್ ಬ್ರಷ್, ಸವೆದ ಬುಷ್ ಸಿಕ್ಕಬಹುದು. ತೀರಾ ಮಂದವಾದ ಇಂಜಿನ್ ಆಯಿಲ್ ಹಾಕಿದ್ದರೂ ಚಳಿಗೆ ಅದು ಜೇನಿನಂತೆ ಗಟ್ಟಿಯಾಗಿ ಇಂಜಿನ್ನನ್ನು ಹಿಡಿದುಕೊಳ್ಳುತ್ತದೆ.

ಬ್ಯಾಟರಿ ಸೊರಗಿದ್ದರೂ ತಪ್ಪು ಅದರದೇ ಆಗಿರಬೇಕಿಲ್ಲ. ಇಂಜಿನ್ ಓಡುವಾಗ 24 ವೋಲ್ಟಿನ ಗಾಡಿಯಲ್ಲಿ ಸುಮಾರು 27.6ರಿಂದ 28.8 ವೋಲ್ಟ್, 12 ವೋಲ್ಟಿನದಾದರೆ 13.8ರಿಂದ 14.4 ಬರಬೇಕು. ಬಾರದಿದ್ದರೆ ಡೈನಮೋ ಊಟ ಬಡಿಸುತ್ತಿಲ್ಲ ಎಂದರ್ಥ. ಉಪವಾಸವಿದ್ದವನು ಬೆಳಗ್ಗೆ ಭಾರ ಎತ್ತುವುದು ಹೇಗೆ?

ಸದ್ದು ಮತ್ತು ಹೊಗೆಯ ಸಾಕ್ಷಿ

ಮೀಟರಿಗೂ ಮುಂಚೆ ಕಿವಿ ಒಂದು ಸಾಕ್ಷಿ ಹೇಳುತ್ತದೆ. ‘ಟಕ್’ ಎಂದು ಒಂದೇ ಸದ್ದಾಗಿ ಮೌನವಾದರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಸಂಪರ್ಕವೋ, ಬ್ರಷ್ಷೋ ಕೆಟ್ಟಿರಬಹುದು. ‘ಟಕಟಕಟಕ’ ಎಂದು ಬಡಿದುಕೊಂಡರೆ ಬ್ಯಾಟರಿ ಖಾಲಿ ಅಥವಾ ಜೋಡಣೆ ಸಡಿಲ. ಶಾಲೆಯ ವಿದ್ಯುತ್ ಗಂಟೆಯನ್ನು ನೆನಪಿಸಿಕೊಳ್ಳಿ. ಸೊಲೆನಾಯ್ಡ್ ಎಳೆದು ಮೋಟಾರಿಗೆ ದಾರಿ ಕೊಟ್ಟ ಕೂಡಲೇ ವೋಲ್ಟೇಜು ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ಕೈಬಿಟ್ಟೊಡನೆ ವೋಲ್ಟೇಜು ಏರುತ್ತದೆ, ಮತ್ತೆ ಎಳೆಯುತ್ತದೆ.

ಇಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುವಷ್ಟು ಬಿಸಿ ಸಿಗುತ್ತಿಲ್ಲ. ಹೊಗೆಯೇ ಇಲ್ಲವಾದರೆ ಡೀಸೆಲ್ ತಲುಪುತ್ತಿಲ್ಲ. ಎಳೆದ ಸ್ಟಾಪ್ ಕೇಬಲ್ ಹಿಂದಕ್ಕೆ ಹೋಗಿದೆಯೇ ಎಂದು ಮೊದಲು ನೋಡಿ. ಖರ್ಚಿಲ್ಲದ ಪರೀಕ್ಷೆ ಅದು. ಆಮೇಲೆ ಫಿಲ್ಟರ್ ಕಟ್ಟಿದೆಯೇ, ಪೈಪಿನಲ್ಲಿ ಏರ್ ಹಿಡಿದಿದೆಯೇ ಎಂದು ನೋಡಬೇಕು. ರಾತ್ರಿ ಸಡಿಲ ಜೋಡಣೆಯಿಂದ ನುಸುಳಿದ ಗಾಳಿಯನ್ನು ಕೈಪಂಪಿನಿಂದ ಹೊರಹಾಕಿದರೆ ಎಷ್ಟೋ ಹಳೆಯ ಇಂಜಿನ್ನುಗಳು ಎದ್ದು ಕೂರುತ್ತವೆ. ಇದು ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಗಳ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಸ್ಕ್ಯಾನರ್ ಬೇಕಾಗುತ್ತದೆ. ಆದರೂ ಸೆಲ್ಫಿಗೆ ಓಮ್ ನಿಯಮ ತಪ್ಪಿದ್ದಲ್ಲ.

ಎಚ್ಚರವಿರಲಿ

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕಡೆಗೆ. ಉಂಗುರ, ಗಡಿಯಾರ ತೆಗೆದಿಡಿ. ಟರ್ಮಿನಲ್ಲಿನ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಬಹುದು, ಆದರೆ ಅದು ಕೋಶದೊಳಗೆ ಇಳಿಯಬಾರದು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ. ಮಕ್ಕಳು ದೂರ ನಿಂತು ಮೀಟರಿನ ಅಂಕಿ ಬರೆದುಕೊಂಡರೆ ಸಾಕು.

ಕೈಯಲ್ಲಿ ತಿರುಗಿಸುವ ಹ್ಯಾಂಡಲ್ಲಿನ ಕಾಟವನ್ನು ತಪ್ಪಿಸಲು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅಂದಿನಿಂದ ಅದರ ಕಾಯಿಲೆಗಳೂ ಹೆಚ್ಚು ಬದಲಾಗಿಲ್ಲ, ಅವನ್ನು ಪತ್ತೆಹಚ್ಚುವ ವಿಧಾನವೂ ಬದಲಾಗಿಲ್ಲ. ‘V = IR’ ಎಂದು ಬರೆದು ಎರಡು ಅಂಕ ಗಳಿಸುವ ಮಕ್ಕಳಿಗೆ ಆ ಸಮೀಕರಣ ಒಂದು ಮನೆಯ ಸಾಲವನ್ನು ತಪ್ಪಿಸಬಲ್ಲದೆಂದು ನಾವು ಹೇಳುವುದೇ ಇಲ್ಲ. ಅಪ್ಪ ಅಮ್ಮಂದಿರೇ, ‘ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ’ ಎಂದು ಮಕ್ಕಳನ್ನು ಗದರಿಸುವ ಬದಲು, ಒಂದು ಭಾನುವಾರ ಒಳ್ಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಕರೆದುಕೊಂಡು ಹೋಗಿ. ಊಹಿಸುವುದಕ್ಕೂ ಅಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ನಮಗಿಂತ ಚೆನ್ನಾಗಿ ಕಲಿಸಬಲ್ಲರು.