ಸಿಸ್ಟಂ ಕಾಲ್ ಬೂಟ್‌ಲೋಡರ್‌ನ ಕೆಲಸವೇ?

ತಿರುವನಂತಪುರದ ಸಿ-ಡ್ಯಾಕ್ ರೂಪಿಸಿದ ವೇಗಾ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾ ಸಮೂಹದ ಜಾತಿಯವು. 2023ರ ಜುಲೈನಲ್ಲಿ ಲಿನಕ್ಸ್ ವಿತರಣೆಯಾದ ಡೆಬಿಯನ್ ಇದೇ ರಿಸ್ಕ್-ಫೈವ್‌ಗೆ ಅಧಿಕೃತ ಮನ್ನಣೆ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ಜಾಗತಿಕ ಸಮಾವೇಶ ಡೆಬ್‌ಕಾನ್ ಕೊಚ್ಚಿಯಲ್ಲೇ ನಡೆಯಿತು. ಸ್ವಂತ ಓಎಸ್ ಬರೆಯುವ ಆಸೆಯಿರುವವರಿಗೆ ಕಲಿಯುವ ಸಾಮಗ್ರಿ ಈಗ ಪಕ್ಕದ ರಾಜ್ಯದಲ್ಲೇ ಇದೆ. ಆದರೆ ಪ್ರೋಗ್ರಾಂಗಳು ಓಎಸ್‌ನ ತಿರುಳಾದ ಕರ್ನಲ್‌ನಿಂದ ಸೇವೆ ಕೇಳುವ ‘ಸಿಸ್ಟಂ ಕಾಲ್’ ವಿಷಯದಲ್ಲಿ ಆರಂಭದಲ್ಲೇ ಹಲವರು ಎಡವುತ್ತಾರೆ.

ತಪ್ಪು ಕಲ್ಪನೆ: ಬೂಟ್‌ಲೋಡರ್‌ನಲ್ಲಿ ಸಿಸ್ಟಂ ಕಾಲ್ ಸೇರಿಸಿಟ್ಟರೆ ಮುಂದೆ ಎಲ್ಲ ಪ್ರೋಗ್ರಾಂಗಳಿಗೂ ಅದು ಸಿಗುತ್ತದೆ.

ವಾಸ್ತವ: ಕರ್ನಲನ್ನು ಮೆಮೊರಿಗೆ ತಂದು ಅದಕ್ಕೆ ನಿಯಂತ್ರಣ ಒಪ್ಪಿಸಿದರೆ ಬೂಟ್‌ಲೋಡರ್‌ನ ಪಾತ್ರ ಮುಗಿಯಿತು. ಅದಿದ್ದ ಜಾಗವನ್ನು ಕರ್ನಲ್ ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಆಮೇಲೆ ಕರೆದರೆ ಓಗೊಡುವವರಿಲ್ಲ. ಸಿಸ್ಟಂ ಕಾಲ್‌ಗೆ ಉತ್ತರಿಸುವ ಕೋಡ್ ಕೊನೆಯವರೆಗೂ ಮೆಮೊರಿಯಲ್ಲಿ ಉಳಿದಿರಬೇಕು, ಕರೆದ ಪ್ರೋಗ್ರಾಂಗಿಂತ ಹೆಚ್ಚಿನ ಅಧಿಕಾರವೂ ಅದಕ್ಕಿರಬೇಕು.

ತಪ್ಪು ಕಲ್ಪನೆ: ರಿಸ್ಕ್-ಫೈವ್‌ನಲ್ಲಿ ಸಿಸ್ಟಂ ಕಾಲ್‌ಗೆ ಬಳಸುವ ‘ಇ-ಕಾಲ್’ ಸೂಚನೆ ಕೊಟ್ಟರೆ ಸಾಕು, ಕರೆ ಕರ್ನಲ್‌ಗೇ ಹೋಗುತ್ತದೆ.

ವಾಸ್ತವ: ಯಾರು ಕರೆದರು ಎನ್ನುವುದರ ಮೇಲೆ ಅದು ನಿಂತಿದೆ. ಲಿನಕ್ಸ್‌ನಲ್ಲಿ ಒಂದು ಸಾಲು ಮುದ್ರಿಸಬೇಕೆಂದರೆ ಪ್ರೋಗ್ರಾಂ ಎ7 ರಿಜಿಸ್ಟರ್‌ನಲ್ಲಿ 64, ಎ0ದಲ್ಲಿ 1, ಎ1ರಲ್ಲಿ ಅಕ್ಷರಗಳ ವಿಳಾಸ, ಎ2ರಲ್ಲಿ ಉದ್ದ ಇಟ್ಟು ಇ-ಕಾಲ್ ಕೊಡುತ್ತದೆ. ಪ್ರೊಸೆಸರ್ ಕಾರಣ ಸಂಖ್ಯೆ 8 ಎಂದು ಬರೆದುಕೊಂಡು ಕರ್ನಲ್‌ನೊಳಗೆ ಹೋಗುತ್ತದೆ. ಅದೇ ಸೂಚನೆಯನ್ನು ಸ್ವತಃ ಕರ್ನಲ್ ಕೊಟ್ಟರೆ ಕಾರಣ 9. ಕರೆ ಓಪನ್-ಎಸ್‌ಬಿಐನಂಥ ಫರ್ಮ್‌ವೇರ್‌ಗೆ ಇಳಿಯುತ್ತದೆ. ಯಂತ್ರ ಚಾಲೂ ಇರುವವರೆಗೂ ಉಳಿಯುವ ಫರ್ಮ್‌ವೇರ್ ಇದು. ಬೂಟ್‌ಲೋಡರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಮನದಟ್ಟಾದರೆ ಅರ್ಧ ಗೊಂದಲ ಕರಗುತ್ತದೆ. ಇನ್ನು, ವೇಗಾ ಆಧಾರಿತ ತೇಜಸ್32 ಚಿಪ್‌ನ ಏರೀಸ್ ಬೋರ್ಡ್‌ನಲ್ಲಿ ಕರ್ನಲ್ ಇಲ್ಲದೆ ಓಡುವ ಪ್ರೋಗ್ರಾಂ ಇರುವುದೇ ಅತಿ ಹೆಚ್ಚು ಅಧಿಕಾರದ ಮೆಷಿನ್ ಮೋಡ್‌ನಲ್ಲಿ. ಅಲ್ಲಿನ ಇ-ಕಾಲ್‌ಗೆ ಕಾರಣ 11. ಉತ್ತರಿಸುವ ಹ್ಯಾಂಡ್ಲರನ್ನು ನೀವೇ ಬರೆದು ಕೂರಿಸಿರದಿದ್ದರೆ ಪ್ರೋಗ್ರಾಂ ದಾರಿ ತಪ್ಪುತ್ತದೆ.

ತಪ್ಪು ಕಲ್ಪನೆ: ಹಳೆಯ ಪಿಸಿಗಳ ಬಯೋಸ್ ಇಂಟರಪ್ಟ್‌ಗಳೂ ಸಿಸ್ಟಂ ಕಾಲ್‌ಗಳೇ.

ವಾಸ್ತವ: ಹೋಲಿಕೆ ಮೇಲ್ನೋಟದ್ದು. ಡಿಸ್ಕ್ ಓದುವ ‘ಇಂಟ್ 13’ರಲ್ಲಿ ಅಧಿಕಾರದ ಗಡಿ ದಾಟುವುದೇ ಇಲ್ಲ. 16 ಬಿಟ್‌ನ ರಿಯಲ್ ಮೋಡ್ ಬಿಟ್ಟ ಕರ್ನಲ್ ಅವನ್ನು ನೇರವಾಗಿ ಕರೆಯಲೂ ಆಗದು.

ತಪ್ಪು ಕಲ್ಪನೆ: ಹಾಗಾದರೆ ಬೂಟ್‌ಲೋಡರ್ ಯಾರಿಗೂ ಸೇವೆ ಒದಗಿಸಲಾರದು.

ವಾಸ್ತವ: ಒದಗಿಸಬಲ್ಲದು, ತಾನಿರುವಷ್ಟು ಹೊತ್ತು. ಯು-ಬೂಟ್ ಎಂಬ ಬೂಟ್‌ಲೋಡರ್‌ನ ಎಪಿಐ ಬಳಸಿ ಫ್ರೀಬಿಎಸ್‌ಡಿಯ ಲೋಡರ್ ಡಿಸ್ಕ್ ಓದುತ್ತಿತ್ತು. ಇಬ್ಬರದೂ ಒಂದೇ ಅಧಿಕಾರವಾದ್ದರಿಂದ ಸಾಮಾನ್ಯ ಫಂಕ್ಷನ್ ಕರೆ ಸಾಕಿತ್ತು. ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಕೂಡ ಫಂಕ್ಷನ್‌ಗಳ ಕೋಷ್ಟಕವನ್ನೇ ಕೊಡುತ್ತದೆ. ಬೂಟ್ ಸೇವೆಗಳು ಇನ್ನು ಸಾಕು ಎಂದು ಓಎಸ್ ತಿಳಿಸಿದೊಡನೆ ಅವು ಮುಚ್ಚಿಹೋಗಿ, ಗಡಿಯಾರದಂಥ ಕೆಲವು ರನ್‌ಟೈಮ್ ಸೇವೆಗಳು ಮಾತ್ರ ಉಳಿಯುತ್ತವೆ.