ಶಸ್ತ್ರವೈದ್ಯ ಪತ್ರಿಕೆಯೂ ಪರಿಶೀಲಕರ ಹೊಣೆಯೂ

ಗುಳಿಗೆಯೊಂದನ್ನು ಯಾರು ಕೊಟ್ಟರೂ ಅದರಲ್ಲಿರುವ ಔಷಧ ಒಂದೇ. ಶಸ್ತ್ರಕ್ರಿಯೆಯ ಸಂಗತಿ ಹಾಗಲ್ಲ. ಅದು ಮಾಡುವವರ ಕೈಯನ್ನು ಆಶ್ರಯಿಸಿರುವುದು. ಅಲ್ಲದೆ ಒಮ್ಮೆ ಕೊಯ್ದು ತೆಗೆದುದನ್ನು ಮರಳಿ ಜೋಡಿಸುವಂತಿಲ್ಲ. ಆದುದರಿಂದ ಹೊಸದೊಂದು ಶಸ್ತ್ರಕ್ರಿಯೆಯ ವರದಿಯನ್ನು ಅಚ್ಚು ಮಾಡುವ ಪತ್ರಿಕೆಯ ಹೊಣೆ ದೊಡ್ಡದು.

ಬಂದ ಲೇಖನವನ್ನು ಸಂಪಾದಕರು ಮೊದಲು ತಾವೇ ನೋಡಿ, ಯೋಗ್ಯವೆಂದು ತೋರಿದುದನ್ನು ಅದೇ ಶಾಖೆಯ ಇಬ್ಬರು ಮೂವರು ತಜ್ಞರಿಗೆ ಕಳುಹುವರು. ಈ ಪರಿಶೀಲಕರು ಸಾಮಾನ್ಯವಾಗಿ ಸಂಭಾವನೆ ಪಡೆಯುವುದಿಲ್ಲ. ಅವರ ಹೆಸರನ್ನು ಲೇಖಕರಿಗೆ ತಿಳಿಸದಿರುವುದೇ ಹೆಚ್ಚಿನ ಪತ್ರಿಕೆಗಳ ರೂಢಿ. ಅವರದು ಸಲಹೆ, ತೀರ್ಮಾನ ಸಂಪಾದಕರದು. ಆದರೆ ಪರಿಶೀಲಕರು ರೋಗಿಯನ್ನು ಕಂಡವರಲ್ಲ, ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಇದ್ದವರೂ ಅಲ್ಲ. ಅವರ ಮುಂದಿರುವುದು ಬರಹ ಮಾತ್ರ. ಹೀಗಿರುವಲ್ಲಿ ಅವರು ಕೇಳಬೇಕಾದ ಪ್ರಶ್ನೆಗಳಾವುವು ಎಂಬುದನ್ನು ಒಂದು ನಿದರ್ಶನದಿಂದ ನೋಡೋಣ.

ಅಮೆರಿಕದಲ್ಲಿ 1885ರಲ್ಲಿ ಆರಂಭವಾದ 'ಆನಲ್ಸ್ ಆಫ್ ಸರ್ಜರಿ' ಪತ್ರಿಕೆಯಲ್ಲಿ, 1894ರಲ್ಲಿ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಅವರು ಸ್ತನದ ಕ್ಯಾನ್ಸರಿಗೆ ತಾವು ನಡೆಸಿದ 50 ಶಸ್ತ್ರಕ್ರಿಯೆಗಳ ಫಲವನ್ನು ಪ್ರಕಟಿಸಿದರು. ಸ್ತನವನ್ನೂ ಅದರಡಿಯ ಎದೆಯ ಸ್ನಾಯುವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಕ್ರಮವದು. ಕೊಯ್ದ ಸ್ಥಳದಲ್ಲಿ ರೋಗ ಮರುಕಳಿಸಿದುದು 3 ಮಂದಿಗೆ ಮಾತ್ರ. ಯೂರೋಪಿನ ಹೆಸರಾಂತ ಶಸ್ತ್ರವೈದ್ಯರ ಅಂಕಿಗಳೊಡನೆ ಹೋಲಿಸಿದರೆ ಇದು ಬೆರಗುಗೊಳಿಸುವ ಫಲವೇ ಸರಿ.

ಆದರೆ ಈ ರೋಗಿಗಳು 1889ರ ಜೂನಿನಿಂದ 1894ರ ಜನವರಿಯವರೆಗೆ ಬಂದವರು. ಕೊನೆಗೆ ಬಂದವರನ್ನು ಕೆಲವೇ ತಿಂಗಳು ನೋಡಿದಂತಾಯಿತು. ಹೋಲಿಕೆಯಾದರೋ ಬೇರೆ ಊರಿನ, ಬೇರೆ ಕೈಯ ರೋಗಿಗಳೊಡನೆ. ಎಲ್ಲಕ್ಕಿಂತ ಮುಖ್ಯವಾಗಿ, ಅಳೆದುದು ರೋಗವು ಅದೇ ಸ್ಥಳಕ್ಕೆ ಮರಳುವುದನ್ನು. ರೋಗಿ ಎಷ್ಟು ಕಾಲ ಬದುಕಿದಳೆಂಬುದು ಬೇರೆಯೇ ಪ್ರಶ್ನೆ. ಹಾಲ್‌ಸ್ಟೆಡ್ ಅವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಗಂಟು ಬಹಳ ಬೆಳೆದ ಮೇಲೆಯೇ ಸ್ತ್ರೀಯರು ವೈದ್ಯರ ಬಳಿಗೆ ಬರುತ್ತಿದ್ದ ಕಾಲವದು. ಆದರೂ ಆ ಪ್ರಶ್ನೆಗೆ ಸರಿಯಾದ ಪರೀಕ್ಷೆ ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ಅವರ ನೇತೃತ್ವದಲ್ಲಿ ಆರಂಭವಾದುದು 1971ರಲ್ಲಿ. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿದಂತೆ ನಿರ್ಧರಿಸಲಾಯಿತು. 25 ವರ್ಷಗಳ ಫಲ 2002ರಲ್ಲಿ ಪ್ರಕಟವಾಯಿತು: ಸ್ನಾಯುವನ್ನು ಉಳಿಸಿ ಸ್ತನವನ್ನಷ್ಟೇ ತೆಗೆದವರಿಗೂ ಎಲ್ಲವನ್ನೂ ತೆಗೆದವರಿಗೂ ಆಯುಸ್ಸಿನಲ್ಲಿ ಗಣನೀಯ ಅಂತರ ಕಾಣಲಿಲ್ಲ. ನಡುವಿನ ಮುಕ್ಕಾಲು ಶತಮಾನದಲ್ಲಿ ಎದೆಯ ಸ್ನಾಯುವನ್ನು ಕಳೆದುಕೊಂಡು, ಬಾತ ತೋಳಿನ ನೋವನ್ನು ಸಹಿಸಿದ ಸ್ತ್ರೀಯರು ಅಸಂಖ್ಯರು.

ಇಂದು ಪ್ರಮುಖ ವೈದ್ಯಪತ್ರಿಕೆಗಳು 2005ರಿಂದೀಚೆಗೆ ಒಂದು ನಿಯಮವನ್ನು ಪಾಲಿಸುತ್ತಿವೆ. ಚಿಕಿತ್ಸಾ ಪರೀಕ್ಷೆಯನ್ನು ಮೊದಲ ರೋಗಿ ಸೇರುವ ಮುನ್ನವೇ ಬಹಿರಂಗವಾಗಿ ನೋಂದಾಯಿಸಿ, ಯಾವುದನ್ನು ಫಲವೆಂದು ಎಣಿಸುವೆವೆಂದು ಬರೆದಿಡತಕ್ಕದ್ದು. ಪರಿಶೀಲಕರು ಆ ಬರಹವನ್ನೂ ಲೇಖನವನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಎಷ್ಟು ಮಂದಿಯನ್ನು ಕೈಬಿಟ್ಟಿರಿ, ಎಷ್ಟು ಮಂದಿ ಸತ್ತರು, ಎಷ್ಟು ಕಾಲ ನೋಡಿದಿರಿ ಎಂದು ಕೇಳುವುದು ಆಮೇಲಿನ ಕೆಲಸ.